ಸಿರೇ ಮಹಲಿನಲ್ಲಿ ನಡೆದ ವಾದ

ಫ್ರಾನ್ಸಿನ ಹಳೆಯ ಮಹಲುಗಳೆಂದರೆ ಸಾಮಾನ್ಯವಾಗಿ ವರ್ಸೇಲ್ಸಿನ ವೈಭವವೇ ಜನರ ನೆನಪಿಗೆ ಬರುವುದು. ಭೌತವಿಜ್ಞಾನವನ್ನು ಓದುವ ನಾವು ನೆನೆಯಬೇಕಾದ ಮಹಲು ಬೇರೊಂದಿದೆ. ಅದು ಆ ದೇಶದ ಈಶಾನ್ಯ ಭಾಗದಲ್ಲಿ, ಬ್ಲೇಸ್ ನದಿಯ ಕಣಿವೆಯಲ್ಲಿರುವ ಸಿರೇ.

1734ರಲ್ಲಿ ವೋಲ್ಟೇರನ ಒಂದು ಪುಸ್ತಕಕ್ಕಾಗಿ ಅವನನ್ನು ಬಂಧಿಸಲು ಆಜ್ಞೆ ಹೊರಟಿತು. ಅವನು ಇಲ್ಲಿ ಆಶ್ರಯ ಪಡೆದನು. ಲೊರೇನ್ ಆಗ ಪ್ರತ್ಯೇಕ ಸಂಸ್ಥಾನ. ಅದರ ಗಡಿ ಹತ್ತಿರವಿದ್ದುದು ಅನುಕೂಲವೇ ಆಯಿತು. ದ್ಯು ಷಾತ್ಲೆ ಮನೆತನದ ಈ ಮಹಲು ಆಗ ಶಿಥಿಲವಾಗಿತ್ತು. ವೋಲ್ಟೇರನು ಹಣ ಕೊಟ್ಟು ದುರಸ್ತಿ ಮಾಡಿಸಿ, ಹೊಸ ಪಾರ್ಶ್ವವೊಂದನ್ನು ಕಟ್ಟಿಸಿ, ಅಲ್ಲಿ ಭೌತವಿಜ್ಞಾನದ ಉಪಕರಣಗಳನ್ನು ಇರಿಸಿದನು. ಅಟ್ಟದಲ್ಲಿ ಪುಟ್ಟ ನಾಟಕಶಾಲೆಯೂ ಇತ್ತು; ಅದು ಇಂದಿಗೂ ಉಳಿದಿದೆ.

ಆದರೆ ಆ ಮನೆಯ ನಿಜವಾದ ವಿಜ್ಞಾನಿ ವೋಲ್ಟೇರನಲ್ಲ, ಮನೆಯೊಡತಿ ಎಮಿಲಿ ದ್ಯು ಷಾತ್ಲೆ ಎಂದೇ ನಾವು ಹೇಳುತ್ತೇವೆ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು ಬೆಂಕಿಯ ಸ್ವರೂಪವನ್ನು ಕುರಿತು ಪ್ರಬಂಧಸ್ಪರ್ಧೆಯೊಂದನ್ನು ಏರ್ಪಡಿಸಿದಾಗ, ವೋಲ್ಟೇರನು ಕಬ್ಬಿಣದ ಕುಲುಮೆಗೆ ಹೋಗಿ ಕಾದ ಕಬ್ಬಿಣವನ್ನೂ ತಣಿದ ಕಬ್ಬಿಣವನ್ನೂ ತೂಗಿ ನೋಡಿದನು. ಬೆಂಕಿಗೆ ತೂಕವಿದೆ ಎಂಬುದನ್ನು ಎಮಿಲಿ ಒಪ್ಪಲಿಲ್ಲ. ಅವನಿಗೆ ತಿಳಿಯದಂತೆ ರಾತ್ರಿಗಳಲ್ಲಿ ಕುಳಿತು ತನ್ನದೇ ಪ್ರಬಂಧವನ್ನು ಬರೆದು ಕಳುಹಿಸಿದಳು. 1738ರಲ್ಲಿ ಬಹುಮಾನ ಆಯ್ಲರ್ ಮೊದಲಾದ ಮೂವರಿಗೆ ಹೋಯಿತು; ಆದರೂ ಅಕಾಡೆಮಿ ಇವರಿಬ್ಬರ ಪ್ರಬಂಧಗಳನ್ನೂ ಅಚ್ಚು ಹಾಕಿಸಿತು.

ಇದಕ್ಕಿಂತ ದೊಡ್ಡ ವಾದ ಚಲನೆಯನ್ನು ಕುರಿತದ್ದು. ಚಲಿಸುವ ಕಾಯದ ಬಲವನ್ನು ಅಳೆಯುವುದು ಹೇಗೆ? ದ್ರವ್ಯರಾಶಿಯನ್ನು ವೇಗದಿಂದ ಗುಣಿಸಬೇಕೆಂದು ಡೇಕಾರ್ಟನ ಅನುಯಾಯಿಗಳು, ವೇಗದ ವರ್ಗದಿಂದ ಗುಣಿಸಬೇಕೆಂದು ಲೈಬ್ನಿಟ್ಸನ ಪಕ್ಷದವರು ಹೇಳುತ್ತಿದ್ದರು. ಹಾಲೆಂಡಿನ ಗ್ರಾವೆಸಾಂಡೆಯು ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ್ದನು. ಇದನ್ನು ಓದುಗರೂ ಮಾಡಬಹುದು. ಒಂದೇ ಗುಂಡನ್ನು ಮೊದಲು 1 ಅಡಿ, ಬಳಿಕ 4 ಅಡಿ ಎತ್ತರದಿಂದ ಬಿಡಿರಿ. ಎರಡನೆಯ ಸಲ ನೆಲ ಮುಟ್ಟುವಾಗಿನ ವೇಗ ಇಮ್ಮಡಿ ಮಾತ್ರ. ಮಣ್ಣಿನಲ್ಲಿ ಆಗುವ ಕುಳಿಯ ಗಾತ್ರವಾದರೋ ಸುಮಾರು ನಾಲ್ಮಡಿ! ಆಳವನ್ನಷ್ಟೇ ಅಳೆದರೆ ಲೆಕ್ಕ ಕೂಡುವುದಿಲ್ಲ. ಕುಳಿಗೆ ನೀರು ತುಂಬಿ ಅಳೆಯಬೇಕು.

1740ರಲ್ಲಿ ಪ್ರಕಟವಾದ ತನ್ನ ಭೌತವಿಜ್ಞಾನ ಗ್ರಂಥದಲ್ಲಿ ಎಮಿಲಿ ವರ್ಗದ ಪಕ್ಷವನ್ನೇ ಹಿಡಿದಳು. ವೋಲ್ಟೇರನು ಎದುರುಪಕ್ಷ. ಅಕಾಡೆಮಿಯ ಕಾರ್ಯದರ್ಶಿ ಮೇರಾನನು 1741ರಲ್ಲಿ ಅವಳನ್ನು ಖಂಡಿಸಿ ಬರೆದನು. ಅದೇ ವರ್ಷ ಅವಳ ಉತ್ತರವೂ ಅಚ್ಚಾಯಿತು. ಸಂವೇಗ, ಚಲನಶಕ್ತಿ ಎಂಬವು ಎರಡು ಬೇರೆ ಪರಿಮಾಣಗಳೆಂಬುದು ಈಗ ನಮಗೆ ತಿಳಿದಿದೆ. ಚಲನಶಕ್ತಿಯ ಸೂತ್ರದಲ್ಲಿರುವ ಅರ್ಧವನ್ನು ಕೊರಿಯೋಲಿಸನು ಸೇರಿಸಿದುದು 1829ರಲ್ಲಿ.

ಎಮಿಲಿಯ ಕೊನೆಯ ಕೆಲಸ ನ್ಯೂಟನ್ನನ ‘ಪ್ರಿನ್ಸಿಪಿಯಾ’ದ ಫ್ರೆಂಚ್ ಅನುವಾದ. 42ರ ವಯಸ್ಸಿನಲ್ಲಿ ಗರ್ಭಿಣಿಯಾದ ಅವಳು, ತಾನು ಬದುಕುವೆನೋ ಇಲ್ಲವೋ ಎಂಬ ಶಂಕೆಯಿಂದ ಹಗಲಿರುಳೂ ದುಡಿದು ಅದನ್ನು ಮುಗಿಸಿದಳು. ಹೆರಿಗೆಯಾದ ಕೆಲವೇ ದಿನಗಳಲ್ಲಿ, 1749ರ ಸೆಪ್ಟೆಂಬರ್ 10ರಂದು ತೀರಿಕೊಂಡಳು. ಅನುವಾದವು ಪೂರ್ಣವಾಗಿ ಪ್ರಕಟವಾದುದು 1759ರಲ್ಲಿ, ನ್ಯೂಟನ್ನನ ನಿಯಮಗಳ ಲೆಕ್ಕದಂತೆ ಹ್ಯಾಲಿಯ ಧೂಮಕೇತು ಮರಳಿ ಬಂದ ವರ್ಷದಲ್ಲಿ.