ಬಾದಾಮಿ: ಗುಹೆ ನೋಡಿದ ತಕ್ಷಣ ಬಸ್ ಹತ್ತಬೇಡಿ

ಬಾದಾಮಿ ಅಂದ್ರೆ ನಾಲ್ಕು ಗುಹೆ, ನಾಲ್ಕು ಸೆಲ್ಫಿ, ಆಮೇಲೆ ಸೀದಾ ಪಟ್ಟದಕಲ್ಲು. ಹೆಚ್ಚಿನವರ ಪ್ರವಾಸ ಇಷ್ಟೇ. ನೀವು ಒಂದು ರಾತ್ರಿ ಉಳಿದು ನೋಡಿ.

ಬಿಸಿಲೇರುವ ಮುಂಚೆ ಅಗಸ್ತ್ಯತೀರ್ಥದ ದಂಡೆ ಹಿಡಿದು ಭೂತನಾಥ ಗುಡಿ ತನಕ ನಡೆಯಿರಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಸದ್ದು ಬಂಡೆಗೆ ಬಡಿದು ವಾಪಸ್ ಬರುತ್ತೆ. ಆಮೇಲೆ ಉತ್ತರದ ಗುಡ್ಡ. ಮ್ಯೂಸಿಯಂ ಪಕ್ಕದಿಂದ ಹೊರಟ ದಾರಿ ಎರಡು ಎತ್ತರದ ಬಂಡೆಗಳ ಸೀಳಿನೊಳಗೆ ನುಗ್ಗುತ್ತೆ. ಕೈ ಚಾಚಿದರೆ ತಣ್ಣನೆಯ ಕಲ್ಲು. ಮೇಲೆ ಹತ್ತಿದರೆ ಶಿವಾಲಯಗಳು, ಕೆಳಗೆ ಇಡೀ ಊರು. ನನ್ನ ಕೇಳಿದರೆ, ಗುಹೆಗಿಂತ ಈ ದಾರಿಯೇ ಒಂದು ಕೈ ಮೇಲು!

ಈ ಮರಳುಗಲ್ಲು ಗಟ್ಟಿ, ಬೆರಳಿಗೆ ಹಿಡಿತ ಸಿಗುತ್ತೆ. ಅದಕ್ಕೇ ಚಳಿಗಾಲದಲ್ಲಿ ದೇಶವಿದೇಶದ ಕ್ಲೈಂಬರ್‌ಗಳು ಹಗ್ಗ ಹೊತ್ತು ಬರ್ತಾರೆ. ಚಾಲುಕ್ಯರು ಉಳಿ ಹಿಡಿದದ್ದೂ ಇದೇ ಕಲ್ಲಿಗೆ. ಮೂರನೇ ಗುಹೆಯ ಶಾಸನದಲ್ಲಿ ಇಸವಿಯೂ ಇದೆ: ಶಕ 500, ಅಂದ್ರೆ ಕ್ರಿ.ಶ. 578.

ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಬೇಡ. ಇಲ್ಲಿನ ಮಂಗಗಳು ಕೇಳಿ ತಗೊಳ್ಳಲ್ಲ.

ಹಸಿವಾಯ್ತಾ? ಬನಶಂಕರಿ ಐದೇ ಕಿಲೋಮೀಟರ್. ಗುಡಿ ಹತ್ತಿರ ಅವ್ವಂದಿರು ಬುಟ್ಟಿ ಇಟ್ಕೊಂಡು ಕೂತಿರ್ತಾರೆ: ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಮಧ್ಯಾಹ್ನ ತಡ ಮಾಡಬೇಡಿ, ಬುಟ್ಟಿ ಖಾಲಿಯಾಗಿರುತ್ತೆ.