ನಕ್ಷತ್ರದ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ



ಅಂಗಳದಲ್ಲಿ ಮಲಗಿ ಚುಕ್ಕೆ ನೋಡದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ನಮ್ಮ ಸೂರ್ಯನೂ ಅಂಥದೊಂದು ನಕ್ಷತ್ರವೇ. ಹಾಗಾದರೆ ಬೇರೆ ನಕ್ಷತ್ರಗಳ ಸುತ್ತಲೂ ನಮ್ಮ ಭೂಮಿಯಂಥ ಗ್ರಹ ಇದ್ದೀತೆ? ಖಗೋಳ ವಿಜ್ಞಾನಿಗಳು ಅದನ್ನು ಹುಡುಕುವ ಬಗೆಯನ್ನು ಇಂದು ಹೇಳುತ್ತೇನೆ.

ದೂರದರ್ಶಕಕ್ಕೆ ಕಣ್ಣಿಟ್ಟರೆ ಕಂಡುಬಿಡುತ್ತದೆ ಎಂದುಕೊಳ್ಳಬೇಡಿ. ಜಾತ್ರೆಯ ಪೆಟ್ರೋಮ್ಯಾಕ್ಸ್ ದೀಪದ ಸುತ್ತ ಹಾರುವ ನುಸಿಯನ್ನು ನಾಲ್ಕು ಊರಾಚೆ ನಿಂತು ನೋಡಲಾದೀತೆ? ಅದಕ್ಕೇ ಅವರು ನುಸಿಯನ್ನು ಬಿಟ್ಟು ದೀಪವನ್ನೇ ಗಮನಿಸುತ್ತಾರೆ.

ಗ್ರಹ ಸುತ್ತುವಾಗ ನಕ್ಷತ್ರವೂ ಕೊಂಚ ಅಲುಗುತ್ತದೆ. ಈ ಅಲುಗಾಟ ಹಿಡಿದೇ 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೊ ಅವರು 51 ಪೆಗಾಸಿ ಎಂಬ ನಕ್ಷತ್ರದ ಗ್ರಹವನ್ನು ಪತ್ತೆಮಾಡಿದರು. ಅದು ಭಾರೀ ಅನಿಲದ ಗೋಳ. ಹತ್ತಿರದಲ್ಲೇ ಇದ್ದು ನಾಲ್ಕೇ ದಿನಕ್ಕೆ ಒಂದು ಸುತ್ತು ಹಾಕುತ್ತದೆ. ನಮ್ಮ ಭೂಮಿಯಾದರೋ ಸೂರ್ಯನನ್ನು ಅಲುಗಿಸುವುದು ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್ ವೇಗದಲ್ಲಿ. ಅಂಬೆಗಾಲಿಡುವ ಕೂಸು ಅದಕ್ಕಿಂತ ಬೇಗ ಹೋಗುತ್ತದೆ!

ಇನ್ನೊಂದು ದಾರಿ ಗ್ರಹಣದಂಥದು. ಗ್ರಹ ನಕ್ಷತ್ರದ ಮುಂದೆ ಹಾಯುವಾಗ ಬೆಳಕು ತುಸು ಕುಂದುತ್ತದೆ. ಎಷ್ಟು? ಭೂಮಿ ಸೂರ್ಯನನ್ನು ಹಾಯುವುದನ್ನು ದೂರದಿಂದ ಯಾರಾದರೂ ನೋಡಿದರೆ 12,000 ರೂಪಾಯಿಯಲ್ಲಿ ಒಂದು ರೂಪಾಯಿ ಕಡಿಮೆಯಾದಂತೆ. ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಒಂದು ರೂಪಾಯಿ ತಾಳೆಯಾಗದೆ ಕಡೇ ಬಸ್ಸು ತಪ್ಪಿಸಿಕೊಂಡದ್ದುಂಟು. ಆದರೆ ನಮ್ಮ ತಪ್ಪು ಆ ರಾತ್ರಿಯೇ ಸಿಗುತ್ತಿತ್ತು. ಇವರ ಒಂದು ರೂಪಾಯಿ ಹದಿಮೂರು ಗಂಟೆ ಕಾಣಿಸಿಕೊಂಡು ಮಾಯವಾದರೆ ಮತ್ತೆ ಬರುವುದು ಒಂದು ವರ್ಷದ ಮೇಲೆ! ನಕ್ಷತ್ರದ ಮೈಮೇಲಿನ ಕಲೆಯೂ ಹಾಗೆ ಮೋಸಮಾಡೀತು. ಆದ್ದರಿಂದ ಸಮನಾದ ಅಂತರದಲ್ಲಿ ಮೂರು ಸಲವಾದರೂ ಕಾಣಬೇಕು.

ಅದೂ ಗ್ರಹದ ದಾರಿ ನಮಗೆ ನೇರವಾಗಿದ್ದರೆ ಮಾತ್ರ. ಭೂಮಿಯಂಥದಕ್ಕೆ ಆ ಯೋಗ ಇನ್ನೂರಕ್ಕೆ ಒಂದು. ಹೀಗಾಗಿ ಅಮೆರಿಕದ ನಾಸಾ 2009ರಲ್ಲಿ ಹಾರಿಸಿದ ಕೆಪ್ಲರ್ ನೌಕೆ ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಒಟ್ಟಿಗೇ ದಿಟ್ಟಿಸಿತು. ನಕ್ಷತ್ರಗಳ ಬೆಳಕು ಎಣಿಸಿದ್ದಕ್ಕಿಂತ ಹೆಚ್ಚು ಹೊಯ್ದಾಡಿದ್ದರಿಂದ ಇನ್ನೂ ಕೆಲವು ವರ್ಷ ನೋಡಬೇಕೆಂದಿದ್ದರು. ಅಷ್ಟರಲ್ಲಿ ದೂರದರ್ಶಕವನ್ನು ಕದಲದಂತೆ ಹಿಡಿಯುವ ನಾಲ್ಕು ಚಕ್ರಗಳಲ್ಲಿ 2012ರಲ್ಲಿ ಒಂದು, 2013ರ ಮೇ ತಿಂಗಳಲ್ಲಿ ಇನ್ನೊಂದು ಕೆಟ್ಟವು. ಎರಡೇ ಚಕ್ರದಲ್ಲಿ ಆ ನೋಟ ನಿಲ್ಲಲಿಲ್ಲ.

2018ರಲ್ಲಿ ನಿವೃತ್ತಿಯಾಗುವವರೆಗೆ ಅದರಿಂದ 2,600ಕ್ಕೂ ಹೆಚ್ಚು ಗ್ರಹಗಳು ಸಿಕ್ಕವು. 2015ರಲ್ಲಿ ಸಾರಿದ ಕೆಪ್ಲರ್ 452ಬಿ ಎಂಬುದಕ್ಕೆ ವರ್ಷವೆಂದರೆ 385 ದಿನ. ಅಗಲ ಭೂಮಿಯ ಒಂದೂವರೆ ಪಟ್ಟಿಗೂ ತುಸು ಹೆಚ್ಚು. ಅದೂ ನಿಜವಾದ ಗ್ರಹವೋ, ಬೆಳಕಿನ ಹೊಯ್ದಾಟವೋ ಎಂದು 2018ರಲ್ಲಿ ಕೆಲವರು ತಕರಾರು ತೆಗೆದರು. ನಕ್ಷತ್ರ ಬಹು ದೂರದ್ದು, ಮಸುಕಾದದ್ದು. ಅಲುಗಾಟ ಅಳೆದು ಗ್ರಹದ ತೂಕ ತಿಳಿಯಲೂ ಆಗದು.

ಅದಕ್ಕೇ ಯೂರೋಪಿನವರು 26 ಕ್ಯಾಮೆರಾಗಳ ಪ್ಲೇಟೋ ನೌಕೆಯನ್ನು ಹತ್ತಿರದ, ಚೆನ್ನಾಗಿ ಹೊಳೆಯುವ ನಕ್ಷತ್ರಗಳನ್ನು ನೋಡಲೆಂದೇ ಕಟ್ಟಿದ್ದಾರೆ. ಅಲ್ಲಿ ಬೆಳಕು ಕುಂದಿದ್ದು ಕಂಡರೆ, ಭೂಮಿಯ ಮೇಲಿನ ದೂರದರ್ಶಕಗಳು ಅದೇ ನಕ್ಷತ್ರದ ಅಲುಗಾಟವನ್ನೂ ಅಳೆದು ಎರಡು ಲೆಕ್ಕಗಳನ್ನು ತಾಳೆ ನೋಡಬಹುದು.