ಗೂಗಲ್ ಡಾಕ್ಸ್‌ನಲ್ಲಿ ಗಣಿತದ ಸಮೀಕರಣ ಟೈಪ್ ಮಾಡುವುದು ಹೇಗೆ? ಇಲ್ಲಿದೆ ಸುಲಭ ವಿಧಾನ

ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3×10⁸ ಮೀಟರ್. ಇದನ್ನು ಪ್ರಶ್ನೆಪತ್ರಿಕೆಗೆ ಕಾಪಿ ಮಾಡಿ ಅಂಟಿಸುವಾಗ ಮೇಲಿರುವ 8 ಕೆಳಗಿಳಿದರೆ ಅದು 3×108 ಆಗುತ್ತದೆ. ಅಂದರೆ ಕೇವಲ 324 ಮೀಟರ್! ಗಾಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ ಸುಮಾರು 340 ಮೀಟರ್. ಬೆಳಕಿಗಿಂತ ಶಬ್ದವೇ ಮುಂದೆ ಹೋದಂತಾಯಿತು. ಇಂಥ ಒಂದು ತಪ್ಪಿನಿಂದ ಇಡೀ ಲೆಕ್ಕವೇ ತಲೆಕೆಳಗಾಗಬಹುದು.

ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರು, ಪ್ರಾಜೆಕ್ಟ್ ವರದಿ ಬರೆಯುವ ವಿದ್ಯಾರ್ಥಿಗಳು ಈ ತೊಂದರೆಯಿಂದ ಪಾರಾಗಲು ಗೂಗಲ್ ಡಾಕ್ಸ್‌ನಲ್ಲೇ ದಾರಿಯಿದೆ.

ಎಲ್ಲಿದೆ ಈ ಸೌಲಭ್ಯ?

ಕಂಪ್ಯೂಟರ್‌ನಲ್ಲಿ ಕಡತ ತೆರೆದು, ಇನ್ಸರ್ಟ್ ಮೆನುವಿನಲ್ಲಿರುವ ಈಕ್ವೇಶನ್ ಆಯ್ಕೆ ಮಾಡಿ. ಪುಟದಲ್ಲಿ ಒಂದು ಪೆಟ್ಟಿಗೆ ಮೂಡುತ್ತದೆ. ಮೇಲ್ಭಾಗದ ಪಟ್ಟಿಯಲ್ಲಿ ಗ್ರೀಕ್ ಅಕ್ಷರ, ಗಣಿತದ ಚಿಹ್ನೆ, ಬಾಣದ ಗುರುತುಗಳು ಸಿಗುತ್ತವೆ. ಬೇಕಾದುದನ್ನು ಕ್ಲಿಕ್ ಮಾಡಿದರೆ ಸಾಕು.

ಮೌಸ್ ಬೇಡ, ಕೀಬೋರ್ಡ್ ಸಾಕು

ಪ್ರತಿ ಬಾರಿ ಚಿಹ್ನೆ ಹುಡುಕುತ್ತಾ ಕೂತರೆ ಸಮಯ ವ್ಯರ್ಥ. ಪೆಟ್ಟಿಗೆಯೊಳಗೆ ಬ್ಯಾಕ್‌ಸ್ಲ್ಯಾಶ್ ಒತ್ತಿ, ಚಿಹ್ನೆಯ ಇಂಗ್ಲಿಷ್ ಹೆಸರು ಬರೆದು, ಸ್ಪೇಸ್ ಒತ್ತಿದರೆ ಅದು ತಾನಾಗಿಯೇ ಮೂಡುತ್ತದೆ. ಬ್ಯಾಕ್‌ಸ್ಲ್ಯಾಶ್ ಬಳಿಕ 'ಆಲ್ಫಾ' ಎಂದು ಇಂಗ್ಲಿಷ್‌ನಲ್ಲಿ ಬರೆದರೆ α ಬರುತ್ತದೆ. ಎಫ್, ಆರ್, ಎ, ಸಿ ಅಕ್ಷರಗಳು ಭಿನ್ನರಾಶಿಗೆ. ಎಸ್, ಕ್ಯೂ, ಆರ್, ಟಿ ವರ್ಗಮೂಲಕ್ಕೆ. ಪಿ, ಎಂ ಅಕ್ಷರಗಳು ± ಚಿಹ್ನೆಗೆ. ಘಾತಸಂಖ್ಯೆ ಬರೆಯಲು ^ ಒತ್ತಬೇಕು, ಅಕ್ಷರದ ಕೆಳಗೆ ಅಂಕಿ ಬೇಕಿದ್ದರೆ ಅಂಡರ್‌ಸ್ಕೋರ್ ಒತ್ತಬೇಕು.

ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರೆ, ಸಮೀಕರಣ ಶುರು ಮಾಡುವ ಮುನ್ನ ಕೀಬೋರ್ಡನ್ನು ಇಂಗ್ಲಿಷ್‌ಗೆ ಬದಲಿಸಲು ಮರೆಯಬೇಡಿ. ಕನ್ನಡ ಅಕ್ಷರಗಳಲ್ಲಿ ಬರೆದರೆ ಈ ಆದೇಶಗಳು ಕೆಲಸ ಮಾಡುವುದಿಲ್ಲ.

ಬಲ ಬಾಣದ ಕೀ ಮುಖ್ಯ

ಬಹುತೇಕರು ಎಡವುವುದು ಇಲ್ಲೇ. ವರ್ಗಮೂಲದ ಚಿಹ್ನೆಯೊಳಗೆ ಬರೆದು ಮುಗಿಸಿದ ಮೇಲೆ ಹೊರಬರಲು ಬಲ ಬಾಣದ ಕೀ ಒತ್ತಬೇಕು. ಇಲ್ಲದಿದ್ದರೆ ಮುಂದೆ ಬರೆದದ್ದೆಲ್ಲ ವರ್ಗಮೂಲದೊಳಗೇ ಸೇರುತ್ತದೆ. ಘಾತಸಂಖ್ಯೆಯಿಂದ ಹೊರಬರಲು, ಅಂಶದಿಂದ ಛೇದಕ್ಕೆ ಇಳಿಯಲು ಕೂಡ ಇದೇ ಕೀ. ಎಸ್‌ಎಸ್‌ಎಲ್‌ಸಿ ಮಕ್ಕಳು ಕಲಿಯುವ ವರ್ಗ ಸಮೀಕರಣದ ಸೂತ್ರವನ್ನು ಒಮ್ಮೆ ಬರೆದು ನೋಡಿ. ಭಿನ್ನರಾಶಿ, ±, ವರ್ಗಮೂಲ, ಘಾತಸಂಖ್ಯೆ ನಾಲ್ಕೂ ಅದರಲ್ಲೇ ಅಭ್ಯಾಸವಾಗುತ್ತವೆ.

ಬ್ಯಾಕ್‌ಸ್ಲ್ಯಾಶ್ ಬಂದಿದ್ದು ಎಲ್ಲಿಂದ?

ಈ ಆದೇಶಗಳ ಮೂಲ 'ಟೆಕ್' ಎಂಬ ತಂತ್ರಾಂಶ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ತಮ್ಮ ಪುಸ್ತಕದ ಹೊಸ ಆವೃತ್ತಿಯ ಅಚ್ಚಿನ ಕರಡು ನೋಡಿ ಬೇಸರಗೊಂಡು, ತಾವೇ ಅದನ್ನು ರೂಪಿಸಲು ಮುಂದಾದರು. ಲೆಸ್ಲಿ ಲ್ಯಾಂಪೋರ್ಟ್ ಅವರು ಅದರ ಮೇಲೆ ಕಟ್ಟಿದ 'ಲಾಟೆಕ್' ಅನ್ನು ಗಣಿತಜ್ಞರು ಇಂದಿಗೂ ಬಳಸುತ್ತಾರೆ. ಡಾಕ್ಸ್‌ನಲ್ಲಿ ಕಲಿತ ಆದೇಶಗಳು ಮುಂದೆ ಅಲ್ಲಿಯೂ ನೆರವಿಗೆ ಬರುತ್ತವೆ.

ಕೇವಲ 10⁸ ಅಥವಾ ನೀರಿನ ಸೂತ್ರದಂಥ ಸಣ್ಣ ಬರಹಕ್ಕೆ ಈಕ್ವೇಶನ್ ಪೆಟ್ಟಿಗೆಯೂ ಬೇಕಿಲ್ಲ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಅಂಕಿಯನ್ನು ಆಯ್ಕೆ ಮಾಡಿ, ಕಂಟ್ರೋಲ್ ಜೊತೆಗೆ ಪೂರ್ಣವಿರಾಮದ ಕೀ ಒತ್ತಿದರೆ ಅಂಕಿ ಮೇಲೇರುತ್ತದೆ, ಅಲ್ಪವಿರಾಮದ ಕೀ ಒತ್ತಿದರೆ ಕೆಳಗಿಳಿಯುತ್ತದೆ.

ಕೊನೆಯದಾಗಿ, ಮುದ್ರಣಕ್ಕೆ ಕಳುಹಿಸುವ ಮುನ್ನ ಕಡತವನ್ನು ಪಿಡಿಎಫ್ ಆಗಿ ಉಳಿಸಿಕೊಂಡು ಪ್ರತಿ ಘಾತಸಂಖ್ಯೆಯ ಮೇಲೂ ಒಮ್ಮೆ ಕಣ್ಣಾಡಿಸಿ. ಪರೀಕ್ಷಾ ಕೊಠಡಿಯಲ್ಲಿ ಮಗುವಿನ ಎದುರಿಗಿರುವುದು ಆ ಹಾಳೆ ಮಾತ್ರ.